ಜೊತೆಗಾರರ ಆಯ್ಕೆ

ದೂರದ ದಾರಿಗೆ ಹೊರಡುವವರು ಮೊದಲು ಪಂಚಾಂಗವನ್ನು ನೋಡುತ್ತಾರೆ. ಆಮೇಲೆ ಬುತ್ತಿಯ ಯೋಚನೆ ಮಾಡುತ್ತಾರೆ. ಅನಂತರ ಕೈಯಲ್ಲಿರುವ ಹಣವನ್ನು ಎಣಿಸಿಕೊಳ್ಳುತ್ತಾರೆ. ಜೊತೆಗೆ ಯಾರು ಬರಬೇಕೆಂಬುದನ್ನು ಯೋಚಿಸುವವರು ಬಹಳ ಅಪರೂಪ. ಯಾರು ಮೊದಲು "ನಾನೂ ಬರುತ್ತೇನೆ" ಎಂದರೋ ಅವರೇ ಜೊತೆಗಾರರು. ಒಂದು ವೇಳೆ ಯೋಚಿಸಿದರೂ, ನಮ್ಮಂತೆಯೇ ಇರುವವರನ್ನು ಹುಡುಕಿ ಕೂಡಿಸಿಕೊಂಡು, ಒಳ್ಳೆಯ ಆಯ್ಕೆ ಮಾಡಿದೆವೆಂದು ಹಿಗ್ಗುತ್ತೇವೆ. ಈ ವಿಷಯದಲ್ಲಿ ನಾನು ಮಾಡಿದ ಒಂದು ತಪ್ಪನ್ನು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮನಸ್ಸಿನಲ್ಲಿಯೇ ಇಟ್ಟುಕೊಂಡಿದ್ದೆನು. ಅದನ್ನು ಈಗ ಬಾಯಿಬಿಟ್ಟು ಹೇಳುವಂತೆ ಮಾಡಿದುದು ಒಂದು ಆಟ. ಎಪ್ಪತ್ತು ದಾಟಿದವನು ಆಟದ ಮಾತನ್ನು ಬರೆಯುವನೆಂದು ಓದುಗರು ನಗಬಾರದಾಗಿ ಬೇಡುತ್ತೇನೆ.

ನಮ್ಮದು ಅರಸೀಕೆರೆ ತಾಲ್ಲೂಕಿನ ಕಣಕಟ್ಟೆ. ಹೋಬಳಿಯ ಊರು. ಸುತ್ತ ತೆಂಗಿನ ತೋಟಗಳು, ಅವುಗಳಾಚೆ ರಾಗಿಯ ಹೊಲಗಳು. ಅಟ್ಟದ ಮೇಲೆ ಕೊಬ್ಬರಿಗೆಂದು ಹಾಕಿದ ಕಾಯಿ, ಕೆಳಗೆ ಒಂದು ಹಸು, ಜಗಲಿಯ ಮೇಲೆ ನಾನು: ಇಷ್ಟು ನಮ್ಮ ಮನೆಯ ಸಂಪತ್ತು. ಕಳೆದ ದೀಪಾವಳಿಗೆ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಮೊಮ್ಮಗನು ಬಂದಿದ್ದನು. ಎಣ್ಣೆನೀರು, ಹೋಳಿಗೆ ಎಲ್ಲ ಮುಗಿದ ಮಾರನೆಯ ದಿನ ಅವನು ಜಗಲಿಯ ಕಂಬಕ್ಕೆ ಒರಗಿ, ತೊಡೆಯ ಮೇಲೆ ಲ್ಯಾಪ್‌ಟಾಪನ್ನು ಇಟ್ಟುಕೊಂಡು, ಗಲ್ಲಕ್ಕೆ ಕೈಕೊಟ್ಟು ಕುಳಿತಿದ್ದನು. ನಾನು ತೋಟಕ್ಕೆ ಹೋಗಿ ಒಂದು ಸುತ್ತು ಹಾಕಿಕೊಂಡು ಬಂದೆನು. ಅವನು ಹಾಗೆಯೇ ಇದ್ದನು. ಸ್ನಾನ ಮಾಡಿ ಬಂದೆನು, ಆಗಲೂ ಹಾಗೆಯೇ. ಪರೀಕ್ಷೆಯ ಲೆಕ್ಕವೇನೋ ಬಗೆಹರಿಯದೆ ಹುಡುಗನು ಒದ್ದಾಡುತ್ತಿರುವನೆಂದು ನನಗೆ ಕನಿಕರವಾಯಿತು.

"ಏನಪ್ಪಾ, ಅಷ್ಟು ಕಷ್ಟದ ಲೆಕ್ಕವೇ?" ಎಂದೆನು.

"ಲೆಕ್ಕವಲ್ಲ ತಾತ, ಆಟ. ಆರು ಜನರನ್ನು ಆರಿಸಬೇಕು. ಐವರಾದರು. ಆರನೆಯವರು ಯಾರೆಂದು ತಿಳಿಯದು."

ಆಟಕ್ಕೆ ಇಷ್ಟು ಯೋಚನೆಯೇ ಎಂದು ಬೈಯುವುದಕ್ಕೆಂದೇ ಅವನ ಪಕ್ಕದಲ್ಲಿ ಕುಳಿತೆನು. ಏಳುವಾಗ ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು.

ಅವನು ವಿವರಿಸಿದುದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಅಮೆರಿಕಾದಲ್ಲಿ 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು ಒಂದು ಹೊಸ ಆಟವನ್ನು ಪ್ರಕಟಿಸಿದರು. ಅದರ ಹೆಸರು ಡಂಜನ್ಸ್ ಅಂಡ್ ಡ್ರಾಗನ್ಸ್. ಅದಕ್ಕೆ ಯಂತ್ರವೇನೂ ಬೇಕಿರಲಿಲ್ಲ. ಕಾಗದ, ಪೆನ್ಸಿಲು, ಬಗೆಬಗೆಯ ದಾಳಗಳು ಸಾಕಾಗಿದ್ದವು. ನಾಲ್ಕಾರು ಮಂದಿ ಮೇಜಿನ ಸುತ್ತ ಕುಳಿತು, ಒಬ್ಬನು ಯೋಧ, ಒಬ್ಬನು ಮಾಂತ್ರಿಕ ಎಂದು ವೇಷವನ್ನು ಮಾತಿನಲ್ಲಿಯೇ ಧರಿಸಿ, ಕಾಡು ಗುಹೆಗಳಲ್ಲಿ ಸಾಹಸ ಮಾಡುತ್ತ ಹೋಗುವುದು. ನಮ್ಮ ಬಯಲಾಟದ ಅರ್ಥಗಾರಿಕೆಗೆ ಪಗಡೆಯನ್ನು ಗಂಟುಹಾಕಿದಂತೆ ಎಂದುಕೊಂಡೆನು. ಮುಂದೆ ಕಂಪ್ಯೂಟರ್ ಬಂದ ಮೇಲೆ ದಾಳವನ್ನು ಉರುಳಿಸುವ ಕೆಲಸ ಅದರ ಪಾಲಿಗೆ ಹೋಯಿತು. 1981ರಲ್ಲಿ ವಿಝಾರ್ಡ್ರಿ ಎಂಬ ಆಟ ಹೊರಟಿತು. ಅದರಲ್ಲಿ ಆರು ಮಂದಿಯ ತಂಡ; ಮೂವರು ಮುಂದಿನ ಸಾಲು, ಮೂವರು ಹಿಂದಿನ ಸಾಲು. ಕತ್ತಿ ಹಿಡಿದು ಹೊಡೆಯುವವರು ಮುಂದಿದ್ದರೆ ಮಾತ್ರ ಶತ್ರುವಿಗೆ ತಾಗುವುದು; ಮಂತ್ರ ಹೇಳುವವರು ಅವರ ಬೆನ್ನ ಹಿಂದೆ. ನನ್ನ ಮೊಮ್ಮಗನು ಆಡುತ್ತಿದ್ದುದು ಬಾಲ್ಡರ್ಸ್ ಗೇಟ್ ಎಂಬುದು; ಕೆನಡಾ ದೇಶದ ಬಯೋವೇರ್ ಎಂಬ ಸಂಸ್ಥೆಯವರು 1998ರಲ್ಲಿ ಮಾಡಿದ್ದು, 2012ರಲ್ಲಿ ಹೊಸದಾಗಿ ತಿದ್ದಿ ಹೊರಬಂದದ್ದು. ಅವನು ಹುಟ್ಟುವುದಕ್ಕಿಂತ ಹಳೆಯ ಆಟ. ಹಳೆಯದರಲ್ಲಿ ಅವನಿಗೆ ರುಚಿಯಿರುವುದನ್ನು ಕಂಡು ನನಗೆ ಸ್ವಲ್ಪ ಸಂತೋಷವೇ ಆಯಿತು.

ಈ ಆಟದಲ್ಲಿ ಆಡುವವನು ತಾನೊಬ್ಬ. ದಾರಿಯಲ್ಲಿ ಸಿಕ್ಕುವವರಲ್ಲಿ ಐವರನ್ನು ಆರಿಸಿಕೊಳ್ಳಬಹುದು. 1998ರ ಮೂಲ ಆಟದಲ್ಲಿ ಹಾಗೆ ಸಿಕ್ಕುವವರು 25 ಮಂದಿ. ಒಬ್ಬೊಬ್ಬರಿಗೆ ಒಂದೊಂದು ವೃತ್ತಿ. ಯೋಧನಿಗೆ ಮೈಯಲ್ಲಿ ಕಸುವು ಹೆಚ್ಚು. ಎಷ್ಟು ಪೆಟ್ಟು ತಾಳಬಲ್ಲನೆಂಬುದನ್ನು ಹತ್ತು ಮುಖದ ದಾಳ ನಿರ್ಣಯಿಸುವುದು. ಪೂಜಾರಿಯದು ಎಂಟು ಮುಖದ ದಾಳ, ಕಳ್ಳನದು ಆರು ಮುಖದ್ದು, ಮಾಂತ್ರಿಕನದು ನಾಲ್ಕೇ ಮುಖದ್ದು. ಮಾಂತ್ರಿಕನು ಮೊದಲಲ್ಲಿ ಎಷ್ಟು ಬಡಪಾಯಿಯೆಂದರೆ, ಒಂದು ಬಾಣ ತಾಗಿದರೆ ಅವನ ಕಥೆ ಮುಗಿಯಿತು. ಅವನಿಗೆ ಬರುವುದು ಒಂದೇ ಮಂತ್ರ; ಅದನ್ನು ಒಮ್ಮೆ ಹೇಳಿದರೆ ಮತ್ತೆ ಮಲಗಿ ಎದ್ದು ಪಾಠ ಮಾಡಿಕೊಂಡ ಹೊರತು ಇನ್ನೊಮ್ಮೆ ಬಾರದು. ಆದರೂ ಅವನನ್ನು ಕಾಪಾಡಿಕೊಂಡು ಬಂದರೆ ಮುಂದೆ ಅಗ್ನಿಗೋಳವನ್ನೇ ಎಸೆಯುವನಂತೆ. ಅದರಲ್ಲಿಯೂ ಒಂದು ಎಚ್ಚರ ಬೇಕು: ಆ ಬೆಂಕಿಗೆ ನಮ್ಮವರು ಪರರು ಎಂಬ ಭೇದವಿಲ್ಲ; ಗುರಿ ತಪ್ಪಿದರೆ ತನ್ನ ಜೊತೆಗಾರರನ್ನೇ ಸುಡುವುದು.

"ಕಳ್ಳನನ್ನೇಕೆ ಕರೆದುಕೊಂಡು ಹೋಗುತ್ತೀಯೆ?" ಎಂದು ನಾನು ಗದರಿಸಿದೆನು.

"ಬೋನು ಎಲ್ಲಿ ಒಡ್ಡಿದ್ದಾರೆಂಬುದು ಅವನಿಗಲ್ಲದೆ ಯಾರಿಗೆ ಕಾಣುತ್ತದೆ ತಾತ? ಬೀಗ ತೆಗೆಯುವವನೂ ಅವನೇ," ಎಂದನು.

ಮೊದಲ ಸಲ ಅವನು ಈ ಆಟವನ್ನು ಹಿಡಿದಾಗ, ಎಲ್ಲ ಹುಡುಗರಂತೆ, ಆರು ಮಂದಿ ಕಟ್ಟಾಳುಗಳನ್ನೇ ಆರಿಸಿದನಂತೆ. ತೋಳಗಳನ್ನೂ ದರೋಡೆಗಾರರನ್ನೂ ಬಡಿದು ಹಾಕುತ್ತ ಎರಡು ದಿನ ಬಹಳ ಜಂಬದಿಂದ ನಡೆಯಿತು. ಮೂರನೆಯ ದಿನ ವಿಷದ ಜೇಡಗಳು ಕಚ್ಚಿದವು. ವಿಷವನ್ನು ಇಳಿಸಬಲ್ಲ ಪೂಜಾರಿ ಇಲ್ಲ. ಔಷಧಿಯನ್ನು ಕೊಂಡು ಇಟ್ಟುಕೊಳ್ಳಬೇಕೆಂಬ ಬುದ್ಧಿ ಯಾರಿಗೂ ಇರಲಿಲ್ಲ. ಉಳಿದವರು ಬೋನಿಗೆ ಕಾಲಿಟ್ಟು ಸತ್ತರು. ಎರಡನೆಯ ಸಲ ಮಾಂತ್ರಿಕರನ್ನೇ ತುಂಬಿಸಿದನು. ಮೊದಲನೆಯ ಕಾಳಗದಲ್ಲಿ ಎಲ್ಲರೂ ಮಂತ್ರ ಹೇಳಿ ಗೆದ್ದರು. ಎರಡನೆಯದರಲ್ಲಿ ಹೇಳುವುದಕ್ಕೆ ಮಂತ್ರವಿಲ್ಲದೆ ಬಾಯಿ ಬಾಯಿ ಬಿಟ್ಟರು. ಗೆದ್ದ ಸಾಮಾನನ್ನು ಹೊರುವುದಕ್ಕೂ ಅವರಲ್ಲಿ ತ್ರಾಣವಿರಲಿಲ್ಲ. ಯಾರು ಎಷ್ಟು ಭಾರ ಹೊರಬಲ್ಲರೆಂಬುದಕ್ಕೂ ಆಟದಲ್ಲಿ ಲೆಕ್ಕವುಂಟು. ಮೂರನೆಯ ಸಲ ವೃತ್ತಿಗಳನ್ನು ಸರಿಯಾಗಿ ಹೊಂದಿಸಿದನು, ಆದರೆ ಗುಣಗಳನ್ನು ನೋಡಲಿಲ್ಲ. ಈ ಜೊತೆಗಾರರು ಬರಿಯ ಬೊಂಬೆಗಳಲ್ಲವಂತೆ. ತಂಡಕ್ಕೆ ಒಳ್ಳೆಯ ಹೆಸರು ಬಂದಷ್ಟೂ ದುಷ್ಟರು ಗೊಣಗುವರು. ಕೆಟ್ಟ ಹೆಸರು ಬಂದರೆ ಸಜ್ಜನರು ಬಿಟ್ಟು ಹೋಗುವರು. ಕೆಲವರಂತೂ ಒಬ್ಬರನ್ನೊಬ್ಬರು ಕಂಡರಾಗದೆ ನಡುದಾರಿಯಲ್ಲಿ ಕತ್ತಿ ಹಿರಿಯುವರು. ಅಂತೂ ಮೂರು ಸಲ ಸೋತ ಮೇಲೆ ಹುಡುಗನು ಕುಳಿತು ಯೋಚಿಸಲು ಕಲಿತಿದ್ದನು.

ಕೇಳುತ್ತ ಕೇಳುತ್ತ ನನಗೆ ಇದೇನೂ ಹೊಸ ವಿದ್ಯೆಯಲ್ಲವೆನ್ನಿಸಿತು. ವಿರಾಟನಗರಕ್ಕೆ ಹೋದ ತಂಡದಲ್ಲಿಯೂ ಆರು ಮಂದಿಯೇ ಅಲ್ಲವೇ? ಅರಸನೊಡನೆ ಪಗಡೆಯಾಡಲು ಒಬ್ಬ, ಅಡಿಗೆಗೆ ಒಬ್ಬ, ನಾಟ್ಯಕ್ಕೆ ಒಬ್ಬ, ಕುದುರೆಗೊಬ್ಬ, ದನಗಳಿಗೊಬ್ಬ, ಅಂತಃಪುರಕ್ಕೆ ಸೈರಂಧ್ರಿ. ಆರು ಮಂದಿ ಭೀಮರೇ ಹೋಗಿದ್ದರೆ ಅಜ್ಞಾತವಾಸ ಆರು ದಿನವೂ ನಡೆಯುತ್ತಿರಲಿಲ್ಲ. ಅದಕ್ಕೂ ಹಿಂದೆ ಯಕ್ಷನ ಕೊಳದ ದಡದಲ್ಲಿ ನಡೆದುದನ್ನು ನೆನೆಯಿರಿ. ಬಲವುಳ್ಳವರು ನಾಲ್ವರೂ ನೀರು ಕುಡಿದು ಬಿದ್ದರು. ನಿಂತು ಪ್ರಶ್ನೆಯನ್ನು ಕೇಳಿಸಿಕೊಂಡವನೊಬ್ಬನು ಉಳಿದನು. ನಾಲ್ವರಲ್ಲಿ ಒಬ್ಬನನ್ನು ಬದುಕಿಸುತ್ತೇನೆ, ಯಾರು ಬೇಕೆಂದು ಯಕ್ಷನು ಕೇಳಿದಾಗ ಧರ್ಮರಾಯನು ಭೀಮನನ್ನು ಕೇಳಲಿಲ್ಲ, ಅರ್ಜುನನನ್ನೂ ಕೇಳಲಿಲ್ಲ, ನಕುಲನನ್ನು ಕೇಳಿದನು. ಕುಂತಿಗೆ ತಾನೊಬ್ಬ ಮಗನು ಉಳಿದಿರುವಾಗ ಮಾದ್ರಿಗೂ ಒಬ್ಬನು ಉಳಿಯಲೆಂಬುದು ಅವನ ಲೆಕ್ಕ. ಮುಂದೆ ಯುದ್ಧವಿದೆಯೆಂದು ತಿಳಿದಿದ್ದವನು ಮಾಡಿದ ಆಯ್ಕೆಯಿದು.

ನಮ್ಮ ಸೀಮೆಯ ಹೊಯ್ಸಳರ ಕಥೆಯಾದರೂ ಬೇರೆಯಲ್ಲ. ಹಳೇಬೀಡು ಬೇಲೂರುಗಳಿಗೆ ಹೋದವರೆಲ್ಲರೂ ಹುಲಿಯನ್ನು ಇರಿಯುತ್ತಿರುವ ಸಳನನ್ನು ನೋಡಿ ಬೆರಗಾಗುತ್ತಾರೆ. ಆದರೆ "ಪೊಯ್ ಸಳ" ಎಂದು ಕೂಗಿದ ಸುದತ್ತ ಮುನಿ ಕಲ್ಲಿನಲ್ಲಿ ಇಲ್ಲ. ಹೊಡೆದ ಕೈಗೆ ಶಿಲ್ಪ. ಹೊಡೆ ಎಂದ ಬಾಯಿಗೆ ಬರಿಯ ಹೆಸರು. ಆ ಮಾತಿಲ್ಲದಿದ್ದರೆ ಆ ಹೊಡೆತವಿಲ್ಲವೆಂಬುದನ್ನು ಕಥೆ ಹೇಳಿದರೂ ನಾವು ಕೇಳಿಸಿಕೊಳ್ಳುವುದಿಲ್ಲ.

ನಾನು ಈ ಪುರಾಣಗಳನ್ನೆಲ್ಲ ಹುಡುಗನಿಗೆ ಹೇಳಿದೆನು. ಅವನು ಸಂತೋಷದಿಂದ ಕೇಳಿ, "ತಾತ, ನೀವೂ ಯಾವಾಗಲಾದರೂ ತಂಡ ಕಟ್ಟಿದ್ದಿರಾ?" ಎಂದನು.

ಕಟ್ಟಿದ್ದೆನು. ಅವನಿಗೆ ಆ ದಿನ ಹೇಳಲಿಲ್ಲ. ಈಗ ಇಲ್ಲಿ ಹೇಳುತ್ತೇನೆ.

1992ರ ಮಾತು. ಅದರ ಹಿಂದಿನ ವರ್ಷ ನಮ್ಮ ಮಗನಿಗೆ ವಿಷಮಶೀತ ಜ್ವರ ಬಂದು, ಮೂರು ವಾರ ಕಾದು, ಕೊನೆಗೆ ಬಿಟ್ಟಿತ್ತು. ಆಗ ನಮ್ಮಾಕೆ, ಹುಡುಗ ಉಳಿದರೆ ಶಿವರಾತ್ರಿಗೆ ಧರ್ಮಸ್ಥಳಕ್ಕೆ ಕಾಲುನಡಿಗೆಯಲ್ಲಿ ಬರುತ್ತೇನೆಂದು ಮಂಜುನಾಥಸ್ವಾಮಿಗೆ ಹರಸಿಕೊಂಡಳು. ನಮ್ಮ ಕಡೆಯಿಂದ ಜಾವಗಲ್ಲು, ಹಳೇಬೀಡು, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಹೋಗಿ, ಚಾರ್ಮಾಡಿ ಘಟ್ಟವನ್ನಿಳಿದು, ಉಜಿರೆಯ ಮೂಲಕ ಧರ್ಮಸ್ಥಳವನ್ನು ಸೇರುವುದು ಆರೇಳು ದಿನದ ನಡಿಗೆ. ಶಿವರಾತ್ರಿಗೆ ಈ ದಾರಿಯಲ್ಲಿ ನಡೆಯುವವರು ಈಗಲೂ ಸಾಲುಸಾಲಾಗಿ ಹೋಗುತ್ತಾರೆ.

ಹರಕೆ ಅವಳದು, ತಂಡ ಕಟ್ಟಿದವನು ನಾನು. ನನಗಾಗ ಮೂವತ್ತೆಂಟು ವರ್ಷ. "ಹೆಂಗಸರು ಬಂದರೆ ನಡಿಗೆ ನಿಧಾನವಾಗುತ್ತದೆ. ನಿನ್ನ ಹರಕೆಯನ್ನು ನಾನು ತೀರಿಸಿ ಬರುತ್ತೇನೆ. ಗಂಡ ತೀರಿಸಿದರೆ ಹೆಂಡತಿ ತೀರಿಸಿದಂತೆಯೇ" ಎಂದು ಒಂದು ಧರ್ಮಶಾಸ್ತ್ರವನ್ನು ನಾನೇ ಹುಟ್ಟಿಸಿ ಹೇಳಿದೆನು. ಪಕ್ಕದ ಬೀದಿಯಲ್ಲಿ ಒಬ್ಬ ಮುದುಕರಿದ್ದರು. ಮೂರು ಸಲ ನಡೆದು ಬಂದವರು. "ಮೊದಲನೆಯ ದಿನ ಅರ್ಧ ದಾರಿ ನಡೆಯಬೇಕು, ಕಾಲು ದಾರಿಯ ಪರಿಚಯ ಮಾಡಿಕೊಳ್ಳಲಿ" ಎನ್ನುತ್ತಿದ್ದರು. ಅವರನ್ನೂ ಬೇಡವೆಂದೆನು. ಆರಿಸಿದವರು ಐವರು, ನನ್ನೊಡನೆ ಆರು. ಎಲ್ಲರೂ ಗಟ್ಟಿಮುಟ್ಟಾದವರು. ಇಬ್ಬರು ತೆಂಗಿನ ಮರವನ್ನು ಅಳಿಲಿನಂತೆ ಹತ್ತುವವರು. ಎಲ್ಲರಿಗಿಂತ ಗಟ್ಟಿಯಾದವರು ನಮ್ಮ ಭಾವ, ನಮ್ಮಾಕೆಯ ಅಣ್ಣ. ಎಳೆಯ ವಯಸ್ಸಿನಲ್ಲಿ ಗರಡಿಯಲ್ಲಿ ಮಣ್ಣು ಹೊತ್ತವರು, ನಲವತ್ತೆರಡರಲ್ಲಿಯೂ ಒಂದು ಮೂಟೆ ಕೊಬ್ಬರಿಯನ್ನು ಒಂದೇ ಸಲಕ್ಕೆ ಹೆಗಲಿಗೆ ಏರಿಸುವವರು.

ಹೊರಡುವ ಹಿಂದಿನ ರಾತ್ರಿ ನಮ್ಮಾಕೆ ಬುತ್ತಿ ಕಟ್ಟುತ್ತ ಹೇಳಿದಳು: "ಅಣ್ಣನ ಮೇಲೆ ಒಂದು ಕಣ್ಣಿಡಿ. ಅವನು ರಾತ್ರಿ ನಾಲ್ಕು ಸಲ ಏಳುತ್ತಾನೆ, ಚೊಂಬುಗಟ್ಟಲೆ ನೀರು ಕುಡಿಯುತ್ತಾನೆ. ಹೋದ ವರ್ಷ ಕುಡುಗೋಲು ತಾಗಿದ ಗಾಯ ಎರಡು ತಿಂಗಳು ಮಾಯಲಿಲ್ಲ."

ನಾನು ನಕ್ಕೆನು. "ನಿನ್ನ ಅಣ್ಣ ನಮ್ಮೆಲ್ಲರನ್ನೂ ಹೊತ್ತುಕೊಂಡು ಹೋಗುವಂಥವನು. ಅವನ ಮೇಲೆ ನಾನೇನು ಕಣ್ಣಿಡಲಿ!"

ಮೊದಲ ದಿನ ಬೆಳಗಿನ ತಂಪಿನಲ್ಲಿ ಓಡಿದಂತೆ ನಡೆದೆವು. ಹೊಸ ಚಪ್ಪಲಿ, ಹೊಸ ಹುರುಪು. ಎರಡನೆಯ ದಿನಕ್ಕೆ ಬೊಬ್ಬೆಗಳೆದ್ದವು. ಆರು ಮಂದಿಯೂ ರಾಗಿಹಿಟ್ಟು ತಂದಿದ್ದೆವು. ಮುದ್ದೆ ತೊಳಸಲು ಪಾತ್ರೆಯನ್ನು ಒಬ್ಬನೂ ತಂದಿರಲಿಲ್ಲ. ಆರು ಮಂದಿಗೂ ದಾರಿ ತಿಳಿದಿತ್ತು, ಆದುದರಿಂದ ಪ್ರತಿಯೊಂದು ಕವಲಿನಲ್ಲಿಯೂ ಜಗಳ. ಇಲ್ಲಿ ಕೂರೋಣವೆಂದು ಯಾರೂ ಹೇಳುವಂತಿಲ್ಲ. ಹೇಳಿದವನು ಹೆಣ್ಣಿಗನೆಂಬ ಹಾಸ್ಯ. ಬೇಲೂರನ್ನು ಬಿಡುವ ವೇಳೆಗೆ ನಾಲ್ವರು ಕುಂಟುತ್ತಿದ್ದೆವು. ಬಾಯಿಯಲ್ಲಿ ಮಾತ್ರ ಒಬ್ಬರೂ ಒಪ್ಪಿಕೊಳ್ಳಲಿಲ್ಲ.

ಭಾವನವರು ಮಾತ್ರ ಎಲ್ಲರಿಗೂ ಮುಂದೆ. "ನಿಮಗೆಲ್ಲ ಏನಾಗಿದೆಯೋ! ನನಗೆ ಒಂದಿಷ್ಟೂ ನೋವಿಲ್ಲ" ಎನ್ನುವರು. ಸಂಜೆ ನಾವು ಬೊಬ್ಬೆಗಳನ್ನು ನೋಡಿಕೊಂಡು ಮುಲುಗುವಾಗ ಅವರು ಚಪ್ಪಲಿಯನ್ನೂ ಕಳಚದೆ ಒರಗಿ ಹಾಡು ಹೇಳುವರು. ಇಂಥವರು ಇನ್ನಿಬ್ಬರಿದ್ದರೆ ಎಷ್ಟು ಚೆನ್ನೆಂದು ನಾನು ಮನಸ್ಸಿನಲ್ಲಿ ಅಂದುಕೊಂಡದ್ದು ನೆನಪಿದೆ.

ಕೊಟ್ಟಿಗೆಹಾರವನ್ನು ದಾಟಿ ಘಟ್ಟವನ್ನು ಇಳಿಯತೊಡಗಿದೆವು. ತಿರುವಿನ ಮೇಲೆ ತಿರುವು. ಒಂದು ಕಡೆ ಬಂಡೆ, ಒಂದು ಕಡೆ ಕಾಡಿನ ಕಣಿವೆ. ಸಂಜೆಯಾಗುತ್ತ ಬಂದಿತ್ತು. ಒಂದು ತಿರುವಿನಲ್ಲಿ ಭಾವನವರು ಸುಮ್ಮನೆ ರಸ್ತೆಯ ಅಂಚಿನ ಕಲ್ಲಿನ ಮೇಲೆ ಕುಳಿತರು. "ಸ್ವಲ್ಪ ಚಳಿಯಾಗುತ್ತಿದೆ" ಎಂದರು. ಮೈ ಮುಟ್ಟಿದರೆ ಕಾದ ಹೆಂಚು. ನಮ್ಮ ಹತ್ತಿರ ದೀಪವಿಲ್ಲ, ಬಿಸಿನೀರಿಗೆ ಪಾತ್ರೆಯಿಲ್ಲ, ಒಂದು ಚೂರು ಶುಭ್ರವಾದ ಬಟ್ಟೆಯಿಲ್ಲ. ಆರು ಮಂದಿ ಗಂಡಾಳುಗಳಲ್ಲಿ ಐವರು, ಒಬ್ಬನ ಸುತ್ತ ನಿಂತು ಒಬ್ಬರ ಮುಖವನ್ನೊಬ್ಬರು ನೋಡಿದೆವು.

ಅಷ್ಟರಲ್ಲಿ ಹಿಂದಿನಿಂದ ಇನ್ನೊಂದು ತಂಡ ಬಂದಿತು. ಯಾವ ಊರಿನವರೋ, ಕೇಳುವಷ್ಟು ಬುದ್ಧಿ ಆಗ ಇರಲಿಲ್ಲ. ಅವರಲ್ಲಿ ಒಬ್ಬ ಹುಡುಗ, ಇಬ್ಬರು ಗಂಡಸರು, ಮೂವರು ಹೆಂಗಸರು. ಒಬ್ಬಾಕೆಗೆ ಅರವತ್ತರ ಮೇಲೆ. ನಮ್ಮ ಮುಂದೆ ಅವರು ಆಮೆಯಂತೆ ನಡೆಯುವವರು. ಬೇಲೂರಿನಲ್ಲಿ ನಾವು ಅವರನ್ನು ಹಿಂದೆ ಹಾಕಿ ಬಂದಿದ್ದೆವು. ಆ ಮುದುಕಿ ಲಾಟೀನನ್ನು ಹತ್ತಿಸಿ, ಕೆಳಗೆ ಕುಳಿತು, ಯಾರನ್ನೂ ಕೇಳದೆ ಭಾವನವರ ಚಪ್ಪಲಿಯನ್ನು ಕಳಚಿದಳು. ಎಡಗಾಲಿನ ಬೆರಳುಗಳ ಕೆಳಗೆ ಬೊಬ್ಬೆಯೊಡೆದು, ಮರಳು ಸೇರಿ, ಕೀವಾಗಿ, ಕಪ್ಪಾಗಿತ್ತು. ಎಷ್ಟು ದಿನದ ಹುಣ್ಣೋ. ಆಕೆ ಒತ್ತಿ ನೋಡಿದಳು. ಭಾವನವರು "ನೋವಿಲ್ಲ" ಎಂದರು. ಆಕೆಯ ಮುಖ ಬದಲಾಯಿತು. ಬಿಸಿನೀರಿನಲ್ಲಿ ಉಪ್ಪು ಹಾಕಿ ತೊಳೆದು, ತನ್ನ ಮಡಿಸೀರೆಯ ಅಂಚನ್ನು ಹರಿದು ಕಟ್ಟಿದಳು. ಆಮೇಲೆ ತಲೆಯೆತ್ತಿ ನನ್ನನ್ನು ಕೇಳಿದಳು:

"ನಿಮ್ಮ ಮನೇಲಿ ಹೆಣ್ಣುಮಕ್ಕಳು ಯಾರೂ ಇರಲಿಲ್ಲವೇನಪ್ಪಾ?"

ಕೆಳಗಿಳಿಯುತ್ತಿದ್ದ ಲಾರಿಯೊಂದನ್ನು ಅಡ್ಡಗಟ್ಟಿ ಭಾವನವರನ್ನು ಘಟ್ಟದ ಕೆಳಗೆ ಆಸ್ಪತ್ರೆಗೆ ಕರೆದೊಯ್ದೆವು. ಮಧುಮೇಹ ಬಹುಕಾಲದಿಂದ ಇದೆಯೆಂದೂ, ಅದರಿಂದ ಪಾದದ ನರಗಳು ಮರಗಟ್ಟಿ ನೋವು ತಿಳಿಯದಂತಾಗಿದೆಯೆಂದೂ ವೈದ್ಯರು ಹೇಳಿದರು. ನಾವು ಶಕ್ತಿಯೆಂದು ಹೊಗಳಿದ್ದೇ ರೋಗವಾಗಿತ್ತು. ನೋವು ತಿಳಿದಿದ್ದ ನಾವು ನಾಲ್ವರು ಕುಂಟಿಕೊಂಡಾದರೂ ಉಳಿದೆವು. ನೋವು ತಿಳಿಯದವರು ಎರಡು ಬೆರಳುಗಳನ್ನು ಕಳೆದುಕೊಂಡರು. ಹರಕೆ ಅರ್ಧಕ್ಕೆ ನಿಂತಿತು. ಊರಿಗೆ ಬಂದ ಮೇಲೆ ನಮ್ಮಾಕೆ ಒಂದು ಮಾತನ್ನೂ ಆಡಲಿಲ್ಲ. ಅಣ್ಣನ ಕಾಲನ್ನು ದಿನವೂ ತಾನೇ ನೋಡಿ ಔಷಧಿ ಹಚ್ಚಿದಳು. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಈಗ ಜಗಲಿಗೆ ಹಿಂದಿರುಗುತ್ತೇನೆ. ಮೊಮ್ಮಗನ ಆಟದಲ್ಲಿ ಪ್ರತಿಯೊಬ್ಬ ಜೊತೆಗಾರನ ಮುಖವೂ ಪರದೆಯ ಅಂಚಿನಲ್ಲಿ ಸಾಲಾಗಿ ಕಾಣುತ್ತದೆ. ಪೆಟ್ಟು ಬಿದ್ದಷ್ಟೂ ಆ ಮುಖಕ್ಕೆ ಕೆಂಪು ಏರುತ್ತದೆ. ಯಾರು ಸಾಯುವ ಸ್ಥಿತಿಯಲ್ಲಿದ್ದಾರೆಂದು ಒಂದು ನೋಟಕ್ಕೆ ತಿಳಿಯುವುದು. ಅದನ್ನು ಕಂಡು ನಾನು ಬಹಳ ಹೊತ್ತು ಸುಮ್ಮನಾದೆನು. ಮನುಷ್ಯರ ಮುಖಗಳಿಗೂ ಹಾಗೆ ಬಣ್ಣ ಬರುತ್ತದೆ. ಆದರೆ ಅದನ್ನು ಓದಲು ಬಲ್ಲವರನ್ನು ಜೊತೆಗೆ ಕರೆದುಕೊಂಡು ಹೋಗಬೇಕು.

ಅವನನ್ನು ಬೆಳಗಿನಿಂದ ಕಾಡುತ್ತಿದ್ದ ತೊಡಕೂ ಕೊನೆಗೆ ಹೊರಬಿದ್ದಿತು. ಆಟದಲ್ಲಿ ಜಹೈರಾ ಎಂಬ ಹೆಂಗಸು ಸಿಕ್ಕುತ್ತಾಳೆ. ಕಾಳಗವನ್ನೂ ಬಲ್ಲಳು, ಗಾಯವನ್ನು ಮಾಯಿಸುವುದನ್ನೂ ಬಲ್ಲಳು. ಇಂಥವಳು ತಂಡಕ್ಕೆ ಬೇಕೇ ಬೇಕು. ಅವಳ ಗಂಡ ಖಾಲಿದ್. ಯೋಧನೇನೋ ಹೌದು, ಆದರೆ ಮಾತು ತೊದಲುವನು, ಬೆದರುವ ಸ್ವಭಾವದವನು. ಮೊಮ್ಮಗನಿಗೆ ಹೆಂಡತಿ ಬೇಕು, ಗಂಡ ಬೇಡ. ಆರನೆಯ ಸ್ಥಳಕ್ಕೆ ಇನ್ನೊಬ್ಬ ಮಾಂತ್ರಿಕನನ್ನು ತರಬೇಕೆಂದಿದ್ದಾನೆ.

"ಅವನನ್ನು ಬಿಟ್ಟು ಹೋಗೆಂದರೆ ಅವಳೂ ಹೊರಟುಬಿಡುತ್ತಾಳೆ ತಾತ. ಆಟ ಮಾಡಿದವರೇ ಹಾಗೆ ಇಟ್ಟಿದ್ದಾರೆ. ಒಬ್ಬರನ್ನು ಕರೆದರೆ ಇಬ್ಬರನ್ನೂ ಕರೆಯಬೇಕು. ಒಬ್ಬರನ್ನು ಬಿಟ್ಟರೆ ಇಬ್ಬರನ್ನೂ ಬಿಡಬೇಕು."

ಒಳಗೆ ಬಾಗಿಲ ಹತ್ತಿರ ಕುಳಿತು ಕಾಯಿ ತುರಿಯುತ್ತಿದ್ದ ನಮ್ಮಾಕೆಯ ಕೈ ನಿಂತಿತು.

"ಆಟ ಕಟ್ಟಿದವರಿಗೆ ತಿಳಿದಿತ್ತು," ಎಂದಳು. "ನಿಮಗೆ ತಿಳಿಯಲಿಲ್ಲ."

ಮತ್ತೆ ತುರಿಯುವ ಸದ್ದು ಮೊದಲಾಯಿತು. ಅಷ್ಟೇ. ಮೂವತ್ತು ವರ್ಷಗಳಿಗೂ ಮೇಲೆ ಇಟ್ಟುಕೊಂಡಿದ್ದ ಮಾತು. ಮೊಮ್ಮಗನು ನನ್ನ ಮುಖವನ್ನೂ ಅವಳ ಮುಖವನ್ನೂ ನೋಡಿದನು. ಅಂದು ರಾತ್ರಿ ಊಟವಾದ ಮೇಲೆ ಅಜ್ಜಿಯನ್ನೇ ಕೇಳಿ ಎಲ್ಲವನ್ನೂ ತಿಳಿದುಕೊಂಡನು. ಮಾರನೆಯ ದಿನ ಲ್ಯಾಪ್‌ಟಾಪನ್ನು ಮುಚ್ಚಿಟ್ಟು, ಒಂದು ಹಾಳೆಯನ್ನೂ ಪೆನ್ನನ್ನೂ ಹಿಡಿದು ಅಡಿಗೆಮನೆಗೆ ಹೋದನು.

"ಅಜ್ಜಿ, ನಿಮ್ಮ ಹರಕೆ ಇನ್ನೂ ಬಾಕಿ ಇದೆಯಲ್ಲವೇ? ಈ ಶಿವರಾತ್ರಿಗೆ ಹೋಗೋಣ. ತಂಡವನ್ನು ನೀವು ಹೇಳಿ, ನಾನು ಬರೆದುಕೊಳ್ಳುತ್ತೇನೆ."

ಆ ಹಾಳೆ ಈಗ ನನ್ನ ಮುಂದಿದೆ. ಮೊದಲನೆಯ ಹೆಸರು ಹಾಸನದಲ್ಲಿ ದಾದಿಯ ವಿದ್ಯೆಯನ್ನು ಕಲಿಯುತ್ತಿರುವ ನನ್ನ ಮಗಳ ಮಗಳದು. ಎರಡನೆಯದು ನಮ್ಮ ಬೀದಿಯ ಒಬ್ಬ ಹುಡುಗ. ಸಾಮಾನು ಸಾಗಿಸುವ ಟೆಂಪೋ ಅವನದೇ, ಪಾತ್ರೆ, ನೀರು, ಹಾಸಿಗೆಗಳೊಡನೆ ಹಿಂದೆ ಬರುವವನು, ದಣಿದವರನ್ನು ಹತ್ತಿಸಿಕೊಳ್ಳುವವನು. ಮೂರನೆಯದು ಮದುವೆಮನೆಗಳಲ್ಲಿ ಅಡಿಗೆ ಮಾಡುವ ನೆರೆಮನೆಯಾಕೆ. ನಾಲ್ಕನೆಯವನು ಮೊಮ್ಮಗ, ದಾರಿಯಲ್ಲಿ ಎಲ್ಲರೊಡನೆ ಮಾತನಾಡಿ ತಂಗಲು ಜಾಗವನ್ನು ಹೊಂದಿಸುವುದು ಅವನ ಪಾಲಿಗೆ. ಆಟದಲ್ಲಿಯೂ ಮಾತಿನಲ್ಲಿ ಮೋಡಿಯುಳ್ಳವನನ್ನೇ ಮುಂದಿಡುತ್ತಾರಂತೆ. ಹಾಗೆ ಮಾಡಿದರೆ ಅಂಗಡಿಯವನು ಬೆಲೆಯನ್ನೂ ಇಳಿಸುತ್ತಾನಂತೆ. ಐದನೆಯವರು ನಮ್ಮ ಭಾವ. ಎಪ್ಪತ್ತೈದು ದಾಟಿದೆ, ನಡೆಯುವಂತಿಲ್ಲ, ಟೆಂಪೋದಲ್ಲಿಯೇ ಬರುವುದು. ಅವರ ಹೆಸರಿನ ಮುಂದೆ ಮೊಮ್ಮಗನು ಬರೆದಿರುವುದು ಇಷ್ಟು: "ದಿನವೂ ಸಂಜೆ ಎಲ್ಲರಿಂದಲೂ ಚಪ್ಪಲಿ ಕಳಚಿಸುವವರು." ಎರಡು ಬೆರಳಿಲ್ಲದ ಪಾದವನ್ನು ತೋರಿಸಿ ಹೇಳಿದರೆ ಯಾವ ಹುಡುಗನೂ ತನಗೆ ನೋವಿಲ್ಲವೆಂದು ಸುಮ್ಮನಿರಲಾರನು.

ಆರನೆಯ ಹೆಸರು ನಮ್ಮಾಕೆಯದು. ಅದರ ಮುಂದೆ ಎರಡೇ ಮಾತು: "ನಿಲ್ಲಿ ಎನ್ನುವವರು." ಅವಳು ನಿಲ್ಲಿ ಎಂದರೆ ಎಲ್ಲರೂ ನಿಲ್ಲಬೇಕು, ಏಕೆಂದು ಕೇಳುವಂತಿಲ್ಲ.

ನಾನು ಹಾಳೆಯನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸಿ ನೋಡಿದೆನು. "ಏನಪ್ಪಾ, ಒಬ್ಬರನ್ನು ಬಿಟ್ಟರೆ ಇಬ್ಬರನ್ನೂ ಬಿಡಬೇಕೆಂದು ನೀನೇ ಹೇಳಿದೆಯಲ್ಲ?"

"ಏಳನೆಯವರಿಗೆ ಜಾಗವಿಲ್ಲ ತಾತ," ಎಂದನು. "ಹಸುವನ್ನು ನೋಡಿಕೊಳ್ಳುವವರು ಯಾರು? ನಿಮ್ಮ ಮಂಡಿ ಅರಸೀಕೆರೆಯವರೆಗೂ ಬಾರದು." ಅವನ ಅಜ್ಜಿ ನಕ್ಕಳು. ಆಮೇಲೆ ನನ್ನ ಕಡೆ ನೋಡಿ, "ನೀವು ಒಪ್ಪಿ ಕಳುಹಿಸಿದರೆ ಇಬ್ಬರೂ ಹೋದಂತೆಯೇ. ಹಾಗೆ ಒಂದು ಶಾಸ್ತ್ರವಿದೆಯಲ್ಲ" ಎಂದಳು.

ಆಯ್ಕೆ ಸರಿಯಾಗಿದೆ. ತಂಡ ಕಟ್ಟುವವನು ತನ್ನನ್ನೂ ಲೆಕ್ಕಕ್ಕೆ ಹಿಡಿದು ನೋಡಬೇಕೆಂಬುದು ನನಗೆ 1992ರಲ್ಲಿ ಹೊಳೆದಿರಲಿಲ್ಲ. ನನ್ನಲ್ಲಿ ಹಟವಿತ್ತು, ಹಣವಿತ್ತು, ಹೇಳಿದುದನ್ನು ಕೇಳಿಸಿಕೊಳ್ಳುವ ಕಿವಿಯಿರಲಿಲ್ಲ, ಹಾಗಿದ್ದು ನಾಯಕನಾದೆನು.

ಅವರು ಹೊರಟು ಇಂದಿಗೆ ಆರು ದಿನ. ಮೊದಲನೆಯ ದಿನ ಅರ್ಧ ದಾರಿ ನಡೆದರಂತೆ. ಆ ಮುದುಕರು ತೀರಿಕೊಂಡು ಬಹಳ ಕಾಲವಾಯಿತು. ಅವರ ಮಾತನ್ನು ನಮ್ಮಾಕೆ ಮರೆತಿರಲಿಲ್ಲ. ನಿನ್ನೆ ರಾತ್ರಿ ಮೂಡಿಗೆರೆಯಿಂದಾಚೆ ತಂಗಿ, ಈ ಸಂಜೆ ಕೊಟ್ಟಿಗೆಹಾರವನ್ನು ಸೇರಿದರು. ನಾಳೆ ಘಟ್ಟ. ಜಗಲಿಯ ಮೇಲೆ ಕುಳಿತು ಇದನ್ನು ಬರೆಯುತ್ತಿರುವಾಗ ಫೋನು ಬಂದಿತು. ನಮ್ಮಾಕೆಯೇ ಮಾತನಾಡಿದಳು.

"ಎಲ್ಲರ ಕಾಲೂ ನೋಡಿದೆ. ಇಬ್ಬರಿಗೆ ಬೊಬ್ಬೆ ಎದ್ದಿದೆ. ನಾಳೆ ಬೆಳಗ್ಗೆ ಹೊರಡುವುದಿಲ್ಲ, ಬಿಸಿಲು ಇಳಿದ ಮೇಲೆ ಸ್ವಲ್ಪ ದೂರ ನಡೆದರಾಯಿತು."

"ಶಿವರಾತ್ರಿಗೆ ತಲುಪುವುದು ತಡವಾದರೆ?"

"ದೇವರು ಎಲ್ಲಿಗೂ ಹೋಗುವುದಿಲ್ಲ. ಇಷ್ಟು ವರ್ಷ ಕಾದವನು ಇನ್ನೊಂದು ದಿನ ಕಾಯುತ್ತಾನೆ." ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆ ಕಡೆ ಯಾರೋ ನಗುತ್ತಿದ್ದರು. ಭಾವನವರು ಯಾರನ್ನೋ ಗದರಿಸಿ ಚಪ್ಪಲಿ ಕಳಚಿಸುತ್ತಿದ್ದರು. ಆಮೇಲೆ ಅವಳು ಕೇಳಿದಳು: "ಹಸುವಿಗೆ ನೀರು ಇಟ್ಟಿರಾ?"

ಇಟ್ಟಿರಲಿಲ್ಲ. ಇಲ್ಲಿಗೆ ನಿಲ್ಲಿಸಿ ಏಳುತ್ತೇನೆ.